ಮಳೆಗಾಲದ ಮನೆಯಲ್ಲಿ ಚಹದ ಡಬ್ಬಿ: ಉತ್ತರ ಕನ್ನಡದ ಕರಾವಳಿಯ ಗೃಹಸಂಗ್ರಹವನ್ನು ಕುರಿತು

ಭಟ್ಕಳ, ಹೊನ್ನಾವರ, ಕುಮಟೆಗಳ ಇತಿಹಾಸವನ್ನು ಬರೆದ ವಿದ್ವಾಂಸರು ಬಹುಮಟ್ಟಿಗೆ ಬಂದರದ ದಡದಲ್ಲಿ ನಿಂತು, ಕಡಲಿನ ಕಡೆಗೆ ಮುಖಮಾಡಿಯೇ ಅದನ್ನು ಬರೆದಿದ್ದಾರೆ. ಹೊರ್ಮುಜಿನಿಂದ ಬಂದಿಳಿದ ಕುದುರೆಗಳು, ಪೋರ್ತುಗೀಜರ ಹಡಗುಗಳನ್ನೇರಿದ ಮೆಣಸು, ಕೋಟೆ, ಕಪ್ಪ, ಒಪ್ಪಂದ, ಕಾಳಗ ಇವೆಲ್ಲ ನಮ್ಮ ಗ್ರಂಥಗಳಲ್ಲಿ ವಿವರವಾಗಿ ಬಂದಿವೆ, ಬರತಕ್ಕುವೂ ಹೌದು. ಆದರೆ ಕಡಲಿನ ದಾರಿ ಮುಚ್ಚಿಹೋಗುವ ನಾಲ್ಕು ತಿಂಗಳುಗಳಲ್ಲಿ ಈ ಪದಾರ್ಥಗಳೆಲ್ಲ ಎಲ್ಲಿದ್ದವು, ಯಾರ ಕಾವಲಿನಲ್ಲಿದ್ದವು, ಆಷಾಢ ಶ್ರಾವಣಗಳ ತೇವದಲ್ಲಿ ಅವು ಮುಗ್ಗದಂತೆ ಕಾಪಾಡಿದ ಕೈಗಳು ಯಾವುವು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ. ಕರಾವಳಿಯ ಅಡಿಗೆಮನೆಯೂ ಒಂದು ಉಗ್ರಾಣ. ಅದಕ್ಕೂ ಒಂದು ಚರಿತ್ರೆಯುಂಟು.

ಈ ಚರಿತ್ರೆಯನ್ನು ಪ್ರವೇಶಿಸುವುದಕ್ಕೆ ನಾವು ತೀರ ಸಣ್ಣದೊಂದು ಪದಾರ್ಥವನ್ನು ಆರಿಸಿಕೊಂಡಿದ್ದೇವೆ: ಚಹದ ಪುಡಿ. ಅಕ್ಕಿ, ಉಪ್ಪು, ಮೆಣಸುಗಳೆಲ್ಲ ಇಲ್ಲಿನ ಮನೆಗಳಿಗೆ ನೂರಾರು ತಲೆಮಾರುಗಳ ಪರಿಚಯದವು. ಅವುಗಳನ್ನು ಇಡುವ ಕ್ರಮ ಯಾವಾಗ ಹುಟ್ಟಿತೆಂದು ಹೇಳುವಂತಿಲ್ಲದಷ್ಟು ಹಳೆಯದು. ಚಹವಾದರೋ ಹೊಸಬ. ಹೊಸಬನು ಹಳೆಯ ಮನೆಗೆ ಬಂದಾಗ ಮನೆಯವರು ಅವನಿಗೆ ಜಾಗವನ್ನು ಎಲ್ಲಿ ಮಾಡಿಕೊಟ್ಟರು ಎಂಬುದನ್ನು ನೋಡಿದರೆ ಮನೆಯ ಏರ್ಪಾಡೇ ನಮಗೆ ಕಾಣಿಸುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಕರಾವಳಿಯ ಮನೆಗೆ ತೇವದಿಂದ ಪದಾರ್ಥವನ್ನು ಕಾಯುವ ವಿದ್ಯೆಯನ್ನು ಚಹದ ವ್ಯಾಪಾರಿಗಳು ಕಲಿಸಬೇಕಾಗಿರಲಿಲ್ಲ, ಅದು ಇಲ್ಲಿ ಮೊದಲೇ ಇತ್ತು. ಆದರೆ ಆ ವಿದ್ಯೆಯ ಅತ್ಯುತ್ತಮ ಸಾಧನಗಳಲ್ಲಿ ಒಂದೂ ಚಹಕ್ಕೆ ಸರಿಹೊಂದಲಿಲ್ಲ. ಆದಕಾರಣ ಅದು ತನಗೆಂದೇ ಒಂದು ಪಾತ್ರೆಯನ್ನು ಬೇಡಿತು, ಪಡೆಯಿತು.

ಮೊದಲು ಮಳೆಯ ಮಾತು. ಮುಟ್ಟಳ್ಳಿಯು ಭಟ್ಕಳ ಪಟ್ಟಣಕ್ಕೆ ಹೊಂದಿಕೊಂಡಿರುವ ಗ್ರಾಮ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿಯ ಅಡಿಗುಡ್ಡಗಳು. ಈ ಇಕ್ಕಟ್ಟಿನ ಪಟ್ಟಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಮಿಕ್ಕು ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. 2022ರ ಆಗಸ್ಟ್ ಮೊದಲಲ್ಲಿ ಭಟ್ಕಳ ತಾಲೂಕಿನಲ್ಲಿ ಒಂದೇ ದಿನದಲ್ಲಿ 500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದು, ಮುಟ್ಟಳ್ಳಿಯಲ್ಲಿ ಮನೆಯೊಂದರ ಮೇಲೆ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. ಅಂಥ ದಿನಗಳು ಅಪರೂಪ. ಆದರೆ ಮನೆಯ ಸಾಮಾನಿನ ದೃಷ್ಟಿಯಿಂದ ಶತ್ರುವೆಂದರೆ ಆ ಒಂದು ದಿನದ ಮಳೆಯಲ್ಲ, ಅದರ ಹಿಂದುಮುಂದಿನ ನೂರು ದಿನಗಳ ತೇವ. ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ. ಗಾಳಿಯಲ್ಲಿಯೇ ನೀರಿರುವಾಗ ಒಣಗಿದ ಪದಾರ್ಥವನ್ನು ಒಣಗಿದಂತೆಯೇ ಇಟ್ಟುಕೊಳ್ಳುವುದೆಂದರೆ ದಿನನಿತ್ಯದ ಹೋರಾಟ.

ಒಣಗಿದ ಪದಾರ್ಥಗಳಲ್ಲಿಯೂ ಚಹವು ಅತಿ ಒಣಗಿದುದು. ಕಾರ್ಖಾನೆಯ ಒಣಗಿಸುವ ಯಂತ್ರದಿಂದ ಹೊರಬೀಳುವಾಗ ಅದರಲ್ಲಿ ನೂರಕ್ಕೆ ಸುಮಾರು 3 ಪಾಲು ಮಾತ್ರ ನೀರಿನ ಅಂಶವಿರುತ್ತದೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿದ ಮೆಣಸಿನಲ್ಲಿ ಅದು 10ರಿಂದ 12ರಷ್ಟು. ಚಹದಲ್ಲಿ ಈ ಅಂಶ 6 ಅಥವಾ 7ನ್ನು ದಾಟಿತೆಂದರೆ ಅದರ ಚುರುಕು ಹೋಗಿ ಸಪ್ಪೆಯಾಗುತ್ತದೆ. ಇನ್ನೂ ಏರಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ತೇವವನ್ನು ಹೀರುವಂತೆಯೇ ಅದು ವಾಸನೆಯನ್ನೂ ಹೀರುತ್ತದೆ. ಈ ಎರಡನೆಯ ಗುಣವೇ ನಮ್ಮ ಲೇಖನದ ತಿರುಳು. ಮೆಣಸಿಗೆ ತನ್ನದೇ ಘಾಟು ಕಾವಲುಗಾರ, ಪಕ್ಕದಲ್ಲಿ ಏನಿದ್ದರೂ ಅದು ಮೆಣಸೇ. ಚಹವು ಹಾಗಲ್ಲ, ನೆರೆಯವನ ಗುಣವನ್ನು ತನ್ನದಾಗಿಸಿಕೊಳ್ಳುವುದು ಅದರ ಸ್ವಭಾವ.

ಇನ್ನು ಚಹವು ಬರುವ ಮೊದಲಿನ ಮನೆಯನ್ನು ನೋಡೋಣ. ಆಗ ಬಂದವರಿಗೆ ಮೊದಲು ಕೊಡುತ್ತಿದ್ದುದು ಬೆಲ್ಲ ಮತ್ತು ನೀರು. ‘ಆಸ್ರಿಗೆ’ ಎಂಬ ಹವ್ಯಕರ ಮಾತಿನಲ್ಲಿ ಆ ಉಪಚಾರದ ನೆನಪು ಇಂದಿಗೂ ಉಳಿದಿದೆ. ಬಿಸಿಯಾಗಿ ಕುಡಿಯುವುದೆಂದರೆ ಕಷಾಯ: ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಹುರಿದು ಪುಡಿಮಾಡಿಟ್ಟು, ಬೇಕಾದಾಗ ಬೆಲ್ಲ ಹಾಲುಗಳೊಡನೆ ಕುದಿಸುವುದು. ಒಂದು ಪುಡಿಯನ್ನು ಮಳೆಗಾಲದುದ್ದಕ್ಕೂ ಪರಿಮಳ ಹೋಗದಂತೆ ಇಟ್ಟುಕೊಂಡು ಚಮಚದಿಂದ ತೆಗೆದು ನೀರಿಗೆ ಹಾಕುವ ಅಭ್ಯಾಸ, ಎಂದರೆ ಚಹಕ್ಕೆ ಬೇಕಾದ ಅಭ್ಯಾಸವೇ, ಇಲ್ಲಿನ ಹೆಂಗಸರ ಕೈಯಲ್ಲಿ ಆಗಲೇ ಸಿದ್ಧವಾಗಿತ್ತು.

ಸಂಗ್ರಹದ ಸಾಧನಗಳು ಪದಾರ್ಥಕ್ಕೆ ತಕ್ಕಂತೆ ಬೇರೆ ಬೇರೆಯಾಗಿದ್ದವು. ಅಕ್ಕಿಗೆ ಮುಡಿ. ಬತ್ತದ ಹುಲ್ಲನ್ನು ಹರಡಿ, ಅದರಲ್ಲಿ ಅಕ್ಕಿಯನ್ನೋ ಬಿತ್ತನೆಯ ಬತ್ತವನ್ನೋ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿಯುತ್ತ, ಬಡಿಯುತ್ತ ದುಂಡಗೆ ಕಟ್ಟುವ ಈ ಮೂಟೆಯು ಕನ್ನಡ ಜಿಲ್ಲೆಯುದ್ದಕ್ಕೂ ಪ್ರಸಿದ್ಧವಾದುದು. ಅದು ಎಷ್ಟರಮಟ್ಟಿಗೆ ನೆಲೆಗೊಂಡಿತ್ತೆಂದರೆ ಅಕ್ಕಿಯ ಅಳತೆಗೂ ಗೇಣಿಯ ಲೆಕ್ಕಕ್ಕೂ ಮುಡಿಯೆಂಬ ಹೆಸರೇ ನಿಂತಿತು; ಸಂಗ್ರಹದ ಪಾತ್ರೆಯೇ ಮಾನವಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಮುಡಿಯ ಗುಟ್ಟಾದರೂ ಏನು? ಅದು ಗಾಳಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಹುಲ್ಲು ಹೊರಗಿನ ತೇವವನ್ನು ತಾನು ಹೀರಿಕೊಂಡು, ಬಿಸಿಲು ಬಂದಾಗ, ಹೊಗೆ ತಾಗಿದಾಗ, ಬಿಟ್ಟುಕೊಡುತ್ತದೆ. ಅಕ್ಕಿಗೆ ಅಷ್ಟು ಸಾಕು.

ಉಪ್ಪಿಗೆ ಮರಿಗೆ. ಕುಮಟೆ ತಾಲೂಕಿನ ಸಾಣಿಕಟ್ಟೆಯ ಗದ್ದೆಗಳಲ್ಲಿ ಬೇಸಗೆಯಲ್ಲಿ ತೆಗೆದ ಉಪ್ಪು ಮಳೆಗಾಲದಲ್ಲಿ ತಾನಾಗಿ ನೀರಾಗತೊಡಗುತ್ತದೆ. ಅದನ್ನು ತಡೆಯುವುದು ಆಗದ ಮಾತೆಂದು ತಿಳಿದಿದ್ದ ಜನ, ಮರದ ಮರಿಗೆಯಲ್ಲಿ ತುಂಬಿ ಒಲೆಯ ಬಳಿಯಲ್ಲಿ ಇಟ್ಟರು. ಮರವು ಒಸರಿದ ನೀರನ್ನು ಕುಡಿಯಿತು, ಒಲೆಯ ಶಾಖ ಉಳಿದುದನ್ನು ಆರಿಸಿತು.

ಉಪ್ಪಿನಕಾಯಿಗೆ ಭರಣಿ. ಇದರ ಪ್ರಾಚೀನತೆಗೆ ಹೊನ್ನಾವರವೇ ಒಂದು ಪರೋಕ್ಷ ಸಾಕ್ಷ್ಯವನ್ನು ಒದಗಿಸುತ್ತದೆ. 14ನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತನು, ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಅನ್ನ ತುಪ್ಪಗಳೊಡನೆ ಉಪ್ಪುಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳನ್ನು ಬಡಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಉಪ್ಪಿನಕಾಯಿಯಿದ್ದಲ್ಲಿ ಅದಕ್ಕೆ ಒಗ್ಗುವ ಪಾತ್ರೆಯೂ ಇರಲೇಬೇಕಷ್ಟೆ. ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಬರ್ಮಾದ ಮರ್ತಬಾನ್ ಬಂದರದ ಹೆಸರನ್ನೇ ಹೊತ್ತು ತಿರುಗುತ್ತಿದ್ದ ಮೆರುಗಿನ ಜಾಡಿಗಳನ್ನು ಇದೇ ಪ್ರವಾಸಿಯು ಇನ್ನೊಂದೆಡೆ ಹೆಸರಿಸಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇವೆಲ್ಲಕ್ಕೂ ಮೇಲಾಗಿ ಇದ್ದುದು ಒಲೆಯ ಮೇಲಣ ಅಟ್ಟ. ಬಿದಿರಿನದೋ ಅಡಕೆಯ ದಬ್ಬೆಯದೋ ಆದ ಈ ಅಟ್ಟಕ್ಕೆ ಕೆಳಗಿನ ಒಲೆಯ ಹೊಗೆ ಮತ್ತು ಕಾವು ದಿನಕ್ಕೆ ಎರಡು ಹೊತ್ತು ತಪ್ಪದೆ ತಲುಪುತ್ತಿದ್ದವು. ಬಿತ್ತನೆಯ ಬೀಜ, ಹುಣಸೆ, ಮುರುಗಲ ಸಿಪ್ಪೆ, ಕೊಬ್ಬರಿ, ಮೀನು ತಿನ್ನುವವರ ಮನೆಯಲ್ಲಿ ಒಣಮೀನು, ಹೀಗೆ ಕೆಡಬಾರದ ಎಲ್ಲದಕ್ಕೂ ಅದೇ ಆಶ್ರಯ. ಹೊಗೆಯು ಹುಳವನ್ನು ದೂರವಿಟ್ಟಿತು, ಕಾವು ತೇವವನ್ನು ಓಡಿಸಿತು. ಕರಾವಳಿಯ ಗೃಹಸಂಗ್ರಹದ ಸರ್ವೋತ್ತಮ ಸಾಧನವಾವುದೆಂದು ಕೇಳಿದರೆ ನಾವು ನಿಸ್ಸಂದೇಹವಾಗಿ ಈ ಅಟ್ಟವನ್ನೇ ತೋರಿಸುತ್ತೇವೆ. 1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಕಾನಡಾ ಸಂಪುಟವು ಜಾತಿ ಜಾತಿಯ ಮನೆಗಳಲ್ಲಿದ್ದ ತಾಮ್ರ, ಹಿತ್ತಾಳೆ, ಮಣ್ಣಿನ ಪಾತ್ರೆಗಳನ್ನು ಹೆಸರಿಸುತ್ತದೆ. ಆದರೆ ಪಾತ್ರೆಯನ್ನು ಎಣಿಸುವ ಅಧಿಕಾರಿಗೆ ಪಾತ್ರೆಯ ಜಾಗ ಮುಖ್ಯವೆನಿಸುವುದಿಲ್ಲ. ಮನೆಯೊಡತಿಗೆ ಮಾತ್ರ ಜಾಗವೇ ಅರ್ಧ ಪಾತ್ರೆ.

ವ್ಯಾಪಾರದ ಉಗ್ರಾಣವೂ ಇದೇ ಹವೆಗೆ ಒಳಗಾಗಿತ್ತು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚರವನಾದ ಲಿನ್‌ಸ್ಕೋಟೆನ್, ಹೊನ್ನಾವರದಿಂದ ವರ್ಷಕ್ಕೆ ಏಳೆಂಟು ಸಾವಿರ ಕ್ವಿಂಟಲ್ ಮೆಣಸು ದೊರೆಯುತ್ತದೆಂದೂ, ಅದನ್ನು ಮಾರುವವಳು ‘ಬಟಿಕಲದ ರಾಣಿ’ಯೆಂದೂ, ಆರು ತಿಂಗಳ ಮೊದಲೇ ಹಣ ಕೊಟ್ಟ ಹೊರತು ಅವಳು ಮೆಣಸನ್ನು ಕೊಡುವುದಿಲ್ಲವೆಂದೂ, ಕೊಂಡ ಮೆಣಸು ಹಡಗು ಬರುವ ತನಕ ಹೊನ್ನಾವರದ ಕೋಟೆಯಲ್ಲಿ ಇರುತ್ತದೆಂದೂ ಬರೆದಿದ್ದಾನೆ. ಈ ರಾಣಿಯನ್ನು ಗೇರುಸೊಪ್ಪೆಯ ಚೆನ್ನಭೈರಾದೇವಿಯೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಮುಂಗಡ ಹಣದ ವಿಚಾರ ನಮ್ಮ ಗ್ರಂಥಕರ್ತರ ಗಮನವನ್ನು ಸೆಳೆದಿದೆ. ಕೋಟೆಯೊಳಗೆ ಕಾದಿದ್ದ ಮೆಣಸಿನ ವಿಚಾರ ಅಷ್ಟಾಗಿ ಸೆಳೆದಿಲ್ಲ. ಕಾಯುವ ಕಷ್ಟವನ್ನು ಕೊಳ್ಳುವವನ ತಲೆಗೆ ಕಟ್ಟಿ ಹಣವನ್ನು ಮೊದಲೇ ಪಡೆದ ರಾಣಿಯ ಜಾಣ್ಮೆಯನ್ನು, ಮಳೆಗಾಲದ ಅನುಭವವುಳ್ಳವರು ಸುಲಭವಾಗಿ ಮೆಚ್ಚಬಲ್ಲರು.

ಇದೇ ಲಿನ್‌ಸ್ಕೋಟೆನ್ನನ ಗ್ರಂಥದಲ್ಲಿ, 1596ರಲ್ಲಿ ಪ್ರಕಟವಾದುದರಲ್ಲಿ, ಜಪಾನಿನವರು ‘ಚಾ’ ಎಂಬ ಸೊಪ್ಪಿನ ಪುಡಿಯನ್ನು ಬಿಸಿನೀರಿನಲ್ಲಿ ಕುಡಿಯುವ ಸಂಗತಿಯೂ ಬರುತ್ತದೆ. ಇನ್ನೊಂದು ಸ್ವಾರಸ್ಯದ ಕೂಡಿಕೆಯನ್ನು ಇಲ್ಲಿಯೇ ಹೇಳಬಹುದು. ವೆಡ್ಡೆಲ್ ಎಂಬ ನಾಯಕನ ಇಂಗ್ಲಿಷ್ ಹಡಗುಗಳು 1637ರ ಮೊದಲಲ್ಲಿ ಭಟ್ಕಳದಲ್ಲಿ ಲಂಗರು ಹಾಕಿ, ಇಕ್ಕೇರಿಯ ವೀರಭದ್ರನಾಯಕನೊಡನೆ ಮೆಣಸಿನ ವ್ಯಾಪಾರದ ಮಾತು ನಡೆಸಿದವು. ಆ ತಂಡದಲ್ಲಿದ್ದ ಪೀಟರ್ ಮಂಡಿಯು ಅದೇ ವರ್ಷ ಮುಂದೆ ಚೀನದ ಕ್ಯಾಂಟನ್ ನದಿಯನ್ನು ತಲುಪಿ, ಅಲ್ಲಿನ ಜನ ತಮಗೆ ಕೊಟ್ಟ ‘ಚಾ’ ಎಂಬ ಪಾನೀಯವನ್ನು, ಯಾವುದೋ ಸೊಪ್ಪನ್ನು ಹಾಕಿ ಕುದಿಸಿದ ನೀರಷ್ಟೇ ಅದೆಂದು ತನ್ನ ದಿನಚರಿಯಲ್ಲಿ ಗುರುತಿಸಿಕೊಂಡನು. ಭಟ್ಕಳದ ಮೆಣಸನ್ನೂ ಚೀನದ ಚಹವನ್ನೂ ಒಂದೇ ವರ್ಷದಲ್ಲಿ ಕಂಡ ಲೇಖನಿ ಅದು. ಮೆಣಸು ಆಗ ಪ್ರಪಂಚದ ಪದಾರ್ಥ, ಚಹ ಒಂದು ಕುತೂಹಲ. ಎರಡು ಶತಮಾನಗಳಲ್ಲಿ ಈ ಸ್ಥಾನಗಳು ಅದಲುಬದಲಾದವು.

ಹೆಸರಿನ ವಿಷಯವಾಗಿ ಒಂದೆರಡು ಮಾತು. ದಕ್ಷಿಣ ಚೀನದ ಕ್ಯಾಂಟನ್ನಿನ ನುಡಿಯಲ್ಲಿ ‘ಚಾ’, ಫುಕಿಯೆನ್ ಕರಾವಳಿಯ ನುಡಿಯಲ್ಲಿ ‘ತೆ’. ಮೊದಲನೆಯದನ್ನು ಪೋರ್ತುಗೀಜರೂ ಪಾರಸಿಯವರೂ, ಎರಡನೆಯದನ್ನು ಡಚ್ಚರೂ ಅವರ ಮೂಲಕ ಇಂಗ್ಲಿಷರೂ ಹೊತ್ತು ತಂದರು. ಹಳೆಯ ಮೈಸೂರಿನ ಕಡೆ ‘ಟೀ’ ಎಂಬುದು ಇಂಗ್ಲಿಷಿನಿಂದ ಬಂದ ಮಾತು; ಕರಾವಳಿಯಲ್ಲಿ ಮಾತ್ರ ‘ಚಾ’, ‘ಚಹ’. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬಿಡಿಸಲ್ಪಟ್ಟು ಮುಂಬಯಿ ಇಲಾಖೆಗೆ ಸೇರಿದ ಮೇಲೆ ಮರಾಠಿ ಕೊಂಕಣಿಗಳ ‘ಚಹಾ’ ಈ ಬಳಕೆಯನ್ನು ಇನ್ನಷ್ಟು ಬಲಪಡಿಸಿತು. ಭಟ್ಕಳವು ಆಗ ಹೊನ್ನಾವರ ತಾಲೂಕಿಗೆ ಸೇರಿತ್ತು. ಸರಕಾರವೂ ಸರಕೂ ಮುಂಬಯಿಯ ಕಡೆಯಿಂದಲೇ ಬರುತ್ತಿದ್ದವು.

ಚಹವನ್ನು ಕಂಡುಹಿಡಿದ ದೇಶದವರು ಅದನ್ನು ಹೇಗೆ ಕಾಪಾಡಿದರು ಎಂಬುದನ್ನು ತಿಳಿದುಕೊಂಡರೆ ನಮ್ಮ ಅಟ್ಟದ ಸಮಸ್ಯೆ ಸ್ಪಷ್ಟವಾಗುತ್ತದೆ. 8ನೆಯ ಶತಮಾನದ ಚೀನದಲ್ಲಿ ಲು ಯು ಎಂಬ ಪಂಡಿತನು ಚಹವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ, ಚಹದ ಉಂಡೆಗಳನ್ನು ಇಡುವ ಒಂದು ಪೆಟ್ಟಿಗೆಯನ್ನು ವಿವರಿಸಿದ್ದಾನೆ. ಮರದ ಚೌಕಟ್ಟು, ಬಿದಿರಿನ ಹೆಣಿಗೆ, ಮೇಲೆ ಕಾಗದದ ಹೊದಿಕೆ. ನಡುವಿನಲ್ಲಿ ಬೂದಿ ಮುಚ್ಚಿದ ಕೆಂಡದ ಪಾತ್ರೆ. ಯಾಂಗ್‌ಟ್ಸೆ ನದಿಯ ದಕ್ಷಿಣದ ನಾಡಿನಲ್ಲಿ ಪ್ಲಮ್ ಹಣ್ಣಾಗುವ ಕಾಲದ ಜಿಟಿಜಿಟಿ ಮಳೆ ಹಿಡಿದಾಗ ಕೆಂಡವನ್ನು ಕೊಂಚ ಹೆಚ್ಚಿಸಬೇಕಂತೆ. ನಮ್ಮ ಅಟ್ಟಕ್ಕೂ ಈ ಪೆಟ್ಟಿಗೆಗೂ ತತ್ತ್ವ ಒಂದೇ: ಮಳೆಯ ತೇವವನ್ನು ಮೆಲುಗಾವಿನಿಂದ ಗೆಲ್ಲುವುದು. ವ್ಯತ್ಯಾಸವಿರುವುದು ಹೊಗೆಯಲ್ಲಿ. ಬೂದಿ ಮುಚ್ಚಿದ ಕೆಂಡಕ್ಕೆ ಹೊಗೆಯಿಲ್ಲ, ನಮ್ಮ ಒಲೆಗೆ ಹೊಗೆಯೇ ಪ್ರಧಾನ. 11ನೆಯ ಶತಮಾನದಲ್ಲಿ ಛಾಯ್ ಶ್ಯಾಂಗ್ ಎಂಬ ಇನ್ನೊಬ್ಬನು, ಚಹಕ್ಕೆ ಬಿದಿರೆಲೆಯ ಸಹವಾಸ ಹಿತ, ಸುಗಂಧದ್ರವ್ಯ ಔಷಧಗಳ ಸಹವಾಸ ಅಹಿತ, ಅದಕ್ಕೆ ಬೆಚ್ಚಗಿನ ಒಣಹವೆ ಬೇಕು ಎಂದು ಸಾರಿದ್ದಾನೆ. ಸುಗಂಧದ್ರವ್ಯದಿಂದ ದೂರವಿಡಬೇಕೆಂಬ ಈ ವಿಧಿಯನ್ನು ಮೆಣಸು, ಏಲಕ್ಕಿ, ಶುಂಠಿ, ಒಣಮೀನುಗಳಿಂದ ತುಂಬಿದ ಕರಾವಳಿಯ ಅಡಿಗೆಮನೆಯಲ್ಲಿ ಪಾಲಿಸುವುದು ಹೇಗೆ?

ಯುರೋಪಿನವರು ಬೇರೆ ದಾರಿ ಹಿಡಿದರು. ಸೀಸದ ತಗಡಿನ ಒಳಹೊದಿಕೆಯ ಮರದ ಪೆಟ್ಟಿಗೆಗಳಲ್ಲಿ ಚಹವು ಕ್ಯಾಂಟನ್ನಿನಿಂದ ಹಡಗೇರುತ್ತಿತ್ತು. ಮನೆಯಲ್ಲಿ ಅದನ್ನಿಡಲು ‘ಕ್ಯಾಡಿ’ ಎಂಬ ಬೀಗವುಳ್ಳ ಕರಡಿಗೆ. ಸುಮಾರು 600 ಗ್ರಾಮಿನ ಮಲಯ ತೂಕವಾದ ‘ಕಾಟಿ’ಯಿಂದ ಈ ಹೆಸರು ಬಂದಿತು. ಮುಡಿಯಲ್ಲಿ ಪಾತ್ರೆಯ ಹೆಸರು ಅಳತೆಯಾಯಿತು, ಇಲ್ಲಿ ಅಳತೆಯ ಹೆಸರು ಪಾತ್ರೆಯಾಯಿತು. ಬೀಗ ಹಾಕಿದ್ದು ತೇವಕ್ಕಲ್ಲ, ಆಳುಗಳಿಗೆ ಹೆದರಿ.

1839ರ ಜನವರಿ 10ರಂದು ಅಸ್ಸಾಮಿನ ಚಹವು ಲಂಡನ್ನಿನಲ್ಲಿ ಮೊದಲ ಬಾರಿಗೆ ಹರಾಜಾಯಿತು. ಆದರೆ ಭಾರತದಲ್ಲಿ ಬೆಳೆದುದು ಭಾರತೀಯರ ಮನೆಗಳಿಗೆ ಬಂದದ್ದು ಬಹಳ ತಡವಾಗಿ. 1903ರಲ್ಲಿ ಚಹದ ಮೇಲೆ ಸೆಸ್ ವಿಧಿಸುವ ಕಾಯಿದೆಯಾಗಿ, ಆ ಹಣದಿಂದ ಪ್ರಚಾರಕಾರ್ಯ ನಡೆಯಿತು. 1930ರ ದಶಕದಲ್ಲಿ ಅದು ಊರೂರಿಗೆ ಹರಡಿತು. ರೈಲುನಿಲ್ದಾಣಗಳಲ್ಲಿ ದೇಶಭಾಷೆಗಳ ಎನಾಮಲ್ ಫಲಕಗಳು ಚಹ ಮಾಡುವ ವಿಧಾನವನ್ನು ಬೋಧಿಸಿದವು. ನಮ್ಮ ಕರಾವಳಿಗೆ ಈ ಬೋಧನೆ ತಲುಪಲು ರೈಲೇ ಇರಲಿಲ್ಲ. ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಬಹಳ ಮೊದಲು ಸರಕು ಬರುತ್ತಿದ್ದುದು ಮುಖ್ಯವಾಗಿ ಎರಡು ದಾರಿಗಳಿಂದ: ಮುಂಬಯಿಯಿಂದ ಕರಾವಳಿಯ ಹಡಗುಗಳಲ್ಲಿ, ಇಲ್ಲವೆ ಹುಬ್ಬಳ್ಳಿಯಿಂದ ಘಟ್ಟವಿಳಿದು. ಒಂದು ಕಾಲಕ್ಕೆ ಧಾರವಾಡದ ಹತ್ತಿಯು ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಬಂದು, ಆ ಊರಿನ ಹೆಸರಿನಿಂದಲೇ ಪರದೇಶಗಳಲ್ಲಿ ಖ್ಯಾತಿ ಪಡೆದ ದಾರಿ ಅದೇ. ಹತ್ತಿಯಂತೂ ಮಳೆ ಹಿಡಿಯುವ ಮೊದಲೇ ಹಡಗೇರಬೇಕಾಗಿತ್ತು. ಜೂನ್ ಹಿಡಿದರೆ ಕಡಲದಾರಿ ಬಂದ್. ಹಾಗಾಗಿ ಕೈಯಲ್ಲಿ ಕಾಸುಳ್ಳ ಮನೆಗಳು ಮೇ ತಿಂಗಳಲ್ಲಿಯೇ ನಾಲ್ಕು ತಿಂಗಳ ಸಾಮಾನನ್ನು ತಂದು ತುಂಬಿಕೊಳ್ಳುತ್ತಿದ್ದವು. ಒಣ ಸೊಪ್ಪನ್ನು ವರ್ಷದ ಅತಿ ತೇವದ ಕಾಲಕ್ಕೆ, ಅತಿ ಹೆಚ್ಚು ಪ್ರಮಾಣದಲ್ಲಿ ಸಂಗ್ರಹಿಸಬೇಕಾದ ಪ್ರಸಂಗ ಇದು.

ಹಳೆಯ ಪಾತ್ರೆಗಳು ಚಹವನ್ನು ಏಕೆ ಒಗ್ಗಿಸಿಕೊಳ್ಳಲಿಲ್ಲ ಎಂಬುದನ್ನು ಈಗ ಒಂದೊಂದಾಗಿ ನೋಡಬಹುದು. ಅಟ್ಟದ ಮೇಲಿಟ್ಟರೆ ಚಹವು ಒಣಗಿಯೇ ಇರುತ್ತದೆ, ಆದರೆ ಒಂದು ವಾರದಲ್ಲಿ ಹೊಗೆಯ ವಾಸನೆ. ಚೀನದಲ್ಲಿ ದೇವದಾರು ಜಾತಿಯ ಸೌದೆಯ ಹೊಗೆಯನ್ನು ಬೇಕೆಂದೇ ಕೊಟ್ಟು ಮಾಡುವ ಚಹವೊಂದುಂಟು, ಅದಕ್ಕೆ ಅಭಿಮಾನಿಗಳೂ ಉಂಟು. ಆದರೆ ತೆಂಗಿನ ಸೋಗೆಯ ಹೊಗೆಯೊಡನೆ ಒಣಮೀನಿನ ನೆರೆಯೂ ಸೇರಿದ ಚಹವನ್ನು ಯಾರೂ ಬಯಸರು. ಹಳೆಯ ಭರಣಿಯನ್ನು ಎಷ್ಟು ತೊಳೆದರೂ ಉಪ್ಪಿನಕಾಯಿಯ ಇಂಗು ಸಾಸಿವೆಗಳ ನೆನಪು ಹೋಗದು. ಹೊಸ ಭರಣಿಯ ಮೈ ಒಳ್ಳೆಯದೇ, ಆದರೆ ಅದರ ಬಾಯಿಗೆ ಕಟ್ಟುವ ಬಟ್ಟೆ ತೇವವನ್ನು ತಡೆಯದು. ಕಷಾಯದ ಪುಡಿಯ ಪಕ್ಕದಲ್ಲಿಟ್ಟರೆ ಚಹವೂ ಕಷಾಯವೇ. ಹೊನ್ನಾವರ ಕುಮಟೆಗಳ ಗುಡಿಗಾರರು ಕೆತ್ತುವ ಗಂಧದ ಕರಡಿಗೆಗಳು ಜಗತ್ಪ್ರಸಿದ್ಧ. ಅಂಥದೊಂದರಲ್ಲಿ ಚಹವನ್ನಿಟ್ಟರೆ ಕರಡಿಗೆಗೂ ಅವಮಾನ, ಚಹಕ್ಕೂ ಹಾನಿ. ಕೊನೆಗೆ ಉಳಿದುದು, 19ನೆಯ ಶತಮಾನದ ಕೊನೆಯಿಂದ ದೇಶದ ಮೂಲೆಮೂಲೆಗೂ ಹರಡಿದ್ದ ನಾಲ್ಕು ಗ್ಯಾಲನ್ನಿನ ಚಿಮಣಿ ಎಣ್ಣೆಯ ಡಬ್ಬ. ತಗಡಿನ ಪಾತ್ರೆಯನ್ನು ಬಡವರ ಮನೆಯೊಳಕ್ಕೂ ಮೊದಲು ತಂದುದು ಅದೇ. ನೀರು ಹೊರಲು, ಬತ್ತ ಬೇಯಿಸಲು, ಮಾಡಿಗೆ ಮುಚ್ಚಲು ಅದು ಬಂದಿತು. ಚಹಕ್ಕೆ ಬರಲಿಲ್ಲ, ಕಾರಣ ಹೇಳಬೇಕಾಗಿಲ್ಲ.

ಹೀಗೆ ಎಲ್ಲ ಹಳೆಯ ಜಾಗಗಳೂ ಮುಚ್ಚಿದ ಮೇಲೆ ಚಹಕ್ಕೆ ದೊರೆತುದು ಬಿಗಿಮುಚ್ಚಳದ ತಗಡಿನ ಡಬ್ಬಿ: ಬಿಸ್ಕೀಟಿನದು, ಹಾಲುಪುಡಿಯದು, ಅಥವಾ ಚಹದ ಕಂಪೆನಿಯವರದೇ ಬಣ್ಣದ ಡಬ್ಬಿ. ಸಾಂಬಾರ ಪದಾರ್ಥಗಳ ಡಬ್ಬಿಗಳನ್ನು ಹೆಂಗಸರು ಕಾಲಕ್ಕೆ ತಕ್ಕಂತೆ ಬದಲಾಯಿಸುವುದುಂಟು, ಇಂದು ಕೊತ್ತಂಬರಿಯದು ನಾಳೆ ಉದ್ದಿನದು. ಚಹದ ಡಬ್ಬಿಗೆ ಮಾತ್ರ ಚಹವೇ. ಅದು ಒಲೆಯ ಮೇಲಣ ಅಟ್ಟದಿಂದ ಇಳಿದು, ಸಾಂಬಾರದ ಸಾಲಿನಿಂದ ದೂರವಾಗಿ, ಗೋಡೆಗೆ ತಾಗದಂತೆ ಹಲಗೆಯ ಮೇಲೋ ಕಪಾಟಿನೊಳಗೋ ಬಂದು ಕುಳಿತಿತು. ಹೊಗೆ ಬೇಕಾದ ಪದಾರ್ಥಗಳು, ಹೊಗೆ ಬೇಡವಾದ ಪದಾರ್ಥಗಳು ಎಂಬ ಹೊಸ ವಿಂಗಡಣೆ ಅಡಿಗೆಮನೆಯಲ್ಲಿ ಕಾಣಿಸಿಕೊಂಡಿತು. ಹೊಗೆಯಿಲ್ಲದ ಮೂಲೆಯೆಂಬ ಕಲ್ಪನೆಯನ್ನು ಈ ಮನೆಗಳಿಗೆ ಕೊಟ್ಟವುಗಳಲ್ಲಿ ಚಹದ ಡಬ್ಬಿಯೂ ಒಂದೆಂಬುದು ನಮ್ಮ ಊಹೆ. ಈ ಊಹೆಯನ್ನು ಹಳೆಯ ಮನೆಗಳ ನಕ್ಷೆಗಳೊಡನೆ ತಾಳೆಹಾಕಿ ನೋಡಬಹುದಾಗಿದೆ.

ಡಬ್ಬಿಯೊಂದೇ ಸಾಲದು, ಅದನ್ನು ತೆರೆಯುವ ಕ್ರಮವೂ ಬೇಕು. ಪ್ರತಿ ಸಲ ಮುಚ್ಚಳ ತೆಗೆದಾಗ ಒಳಗಿನ ಒಣಗಾಳಿ ಹೊರಗೆ, ಹೊರಗಿನ ತೇವ ಒಳಗೆ. ಇದಕ್ಕೆ ಕರಾವಳಿಯ ಗೃಹಿಣಿಯರು ಅನುಸರಿಸುವ ಉಪಾಯ ಎರಡು ಡಬ್ಬಿಗಳದು: ದೊಡ್ಡದರಲ್ಲಿ ತಿಂಗಳ ಸಂಗ್ರಹ, ಸಣ್ಣದರಲ್ಲಿ ವಾರದ ಬಳಕೆ. ದೊಡ್ಡದನ್ನು ವಾರಕ್ಕೊಮ್ಮೆ, ಮಳೆ ಹೊಳವಾದ ಹೊತ್ತು ನೋಡಿ ತೆರೆಯುವುದು. ಸಣ್ಣದನ್ನು ಕಂಠಮಟ್ಟ ತುಂಬಿ ಗಾಳಿಗೆ ಎಡೆಯಿಲ್ಲದಂತೆ ಮಾಡುವುದು. ಒದ್ದೆ ಚಮಚವನ್ನು ಎಂದೂ ಹಾಕದಿರುವುದು. ಹಬೆಯೇಳುವ ಪಾತ್ರೆಯ ಮೇಲೆ ಡಬ್ಬಿಯನ್ನು ಹಿಡಿದು ಪುಡಿಯನ್ನು ಉದುರಿಸದಿರುವುದು. ಉಪ್ಪಿನ ಮರಿಗೆಯ ಪಾಠವನ್ನೂ ಮುಡಿಯ ಪಾಠವನ್ನೂ ಕಲಿತಿದ್ದ ಕೈಗಳಿಗೆ ಇದು ಹೊಸದಾಗಿ ತೋರಲಿಲ್ಲ.

ಆದರೆ ಇದೆಲ್ಲ ಡಬ್ಬಿ ತುಂಬಿಸಬಲ್ಲವರ ಮಾತು. ಗೇಣಿದಾರರ, ಮೀನುಗಾರರ, ಕೂಲಿಗಳ ಮನೆಗಳಲ್ಲಿ ಚಹವು ಸಂಗ್ರಹದ ಪದಾರ್ಥವೇ ಆಗಿರಲಿಲ್ಲ. ಅಂಗಡಿಯಿಂದ ಎರಡು ದಿನಕ್ಕಾಗುವಷ್ಟು ಒಂದು ಪೊಟ್ಟಣ, ಮುಗಿದರೆ ಇನ್ನೊಂದು. ಪ್ರಚಾರಮಂಡಲಿಗಳೂ ಕಂಪೆನಿಗಳೂ ಅಗ್ಗದ ಸಣ್ಣ ಪೊಟ್ಟಣಗಳನ್ನು ಹೊರಡಿಸಿದ್ದು ಈ ಕೊಳ್ಳುವವರನ್ನು ಕಂಡೇ. ಇದರಿಂದ ಒಂದು ವಿಚಿತ್ರ ಫಲವುಂಟಾಯಿತು: ಮಳೆಗಾಲದ ನಡುವಿನಲ್ಲಿ, ಅಂಗಡಿಯವನು ತನ್ನ ಪೆಟ್ಟಿಗೆಯನ್ನು ಚೆನ್ನಾಗಿ ಕಾಪಾಡಿದ್ದರೆ, ಬಡವನ ಮನೆಯ ಚಹವೇ ಧಣಿಯ ಮನೆಯದಕ್ಕಿಂತ ತಾಜಾ. ಅಂಗಡಿಯವನ ಪೆಟ್ಟಿಗೆಯೆಂದರೆ ಅಂಚಿಗೆ ತಗಡು ಬಡಿದು, ಒಳಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಪ್ಲೈವುಡ್ಡಿನದು. ಚಹ ಮುಗಿದ ಮೇಲೆ ಅದೇ ಪೆಟ್ಟಿಗೆ ಮನೆಗಳಲ್ಲಿ ಪುಸ್ತಕಕ್ಕೂ ಬಟ್ಟೆಗೂ ಆಯಿತು. ಸಂಗ್ರಹಿಸುವ ಶಕ್ತಿಯೇ ಶ್ರೀಮಂತಿಕೆಯ ಲಕ್ಷಣವೆಂದು ಅರ್ಥಶಾಸ್ತ್ರದಲ್ಲಿ ಓದುವ ವಿದ್ಯಾರ್ಥಿಗಳು ಚಹದ ವಿಷಯದಲ್ಲಿ ಸ್ವಲ್ಪ ತಡೆದು ಯೋಚಿಸಬೇಕು.

ಚಹದ ರೂಪವೂ ಈ ನಡುವೆ ಬದಲಾಯಿತು. 1930ರ ದಶಕದ ಮೊದಲಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿಮಾಡುವ ಸಿ.ಟಿ.ಸಿ. ಯಂತ್ರ ಹುಟ್ಟಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅದರ ಕಾಳುಚಹವೂ ಧೂಳುಚಹವೂ ದೇಶದ ಮಾರುಕಟ್ಟೆಯನ್ನು ವ್ಯಾಪಿಸಿದವು. ಹಾಲು ಸಕ್ಕರೆಗಳನ್ನು ಹಾಕಿ ಕುದಿಸುವವರಿಗೆ ಇದು ಅಗ್ಗ, ಬಣ್ಣವೂ ಹೆಚ್ಚು. ಕಣ ಸಣ್ಣದಾದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚುವುದರಿಂದ ತೇವಕ್ಕೆ ಎಡೆಯೂ ಹೆಚ್ಚು. ಗಟ್ಟಿಯಾಗಿ ಉಂಡೆಗಟ್ಟಿದ ಚಹದ ಪುಡಿಯನ್ನು ಚಮಚದ ಹಿಡಿಯಿಂದ ಕುಟ್ಟಿ ಬಿಡಿಸುವ ಕಷ್ಟ ಇಡೀ ಎಲೆಯ ಚಹ ಕುಡಿಯುವವರಿಗೆ ಇಲ್ಲ.

ಎಲ್ಲಕ್ಕಿಂತ ನಮಗೆ ಮೆಚ್ಚಿಕೆಯಾದುದು ಏಲಕ್ಕಿಯ ಸಿಪ್ಪೆಯ ಉಪಾಯ. ಕಾಳನ್ನು ಪಾಯಸಕ್ಕೆ ಬಳಸಿ ಸಿಪ್ಪೆಯನ್ನು ಚಹದ ಡಬ್ಬಿಗೆ ಹಾಕುವುದು ಘಟ್ಟದ ಮೇಲೂ ಕೆಳಗೂ ಕಾಣುವ ಪದ್ಧತಿ. ವಾಸನೆ ಹೀರುವುದು ಚಹದ ದೋಷವಾದರೆ, ಆ ದೋಷಕ್ಕೆ ತಮಗೆ ಬೇಕಾದ ವಾಸನೆಯನ್ನೇ ಉಣಿಸಿ ಅದನ್ನು ಗುಣವನ್ನಾಗಿಸಿದರು. ಚೀನದವರು ಮಲ್ಲಿಗೆಯ ಚಹವನ್ನು ಮಾಡಿದುದೂ ಇದೇ ತತ್ತ್ವದಿಂದ. ಅಲ್ಲಿ ಬಳಸುವ ಮಲ್ಲಿಗೆಯ ಜಾತಿಗೇ ಸೇರಿದ ಭಟ್ಕಳದ ಮಲ್ಲಿಗೆ ಮಾತ್ರ ಇಂದಿಗೂ ಮುಡಿಯುವವರದೇ ಸೊತ್ತು, ಚಹದ ಡಬ್ಬಿಯ ತನಕ ಬಂದಿಲ್ಲ.

1970ರ ದಶಕದಿಂದೀಚೆಗೆ ಭಟ್ಕಳದ ನವಾಯತರು ಹೆಚ್ಚಿನ ಸಂಖ್ಯೆಯಲ್ಲಿ ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದರು. ಅವರು ಊರಿಗೆ ತಂದ ಹಾಲುಪುಡಿಯ ದೊಡ್ಡ ಡಬ್ಬಿಗಳು ಬಿಗಿಮುಚ್ಚಳದ ಪಾತ್ರೆಗಳಾಗಿ ನೆರೆಹೊರೆಗೂ ಹಂಚಿಹೋದವು. ಮರುಭೂಮಿಯ ಅಂಗಡಿಯಿಂದ ಬಂದ ಡಬ್ಬಿ ಮಳೆನಾಡಿನ ಚಹವನ್ನು ಕಾಯುವುದು ಭಟ್ಕಳದ ಹಳೆಯ ಅರಬ್ಬೀ ಸಂಬಂಧಕ್ಕೆ ಒಪ್ಪುವಂಥದೇ. ಸ್ಟೀಲಿನ ಡಬ್ಬಿ, ಹಾರ್ಲಿಕ್ಸಿನ ಬಾಟಲಿ, ಪ್ಲಾಸ್ಟಿಕ್ಕಿನ ಭರಣಿ ಒಂದರ ಹಿಂದೊಂದು ಬಂದವು. ಗಾಜು ವಾಸನೆಯನ್ನು ಹಿಡಿಯದು, ಬೆಳಕನ್ನು ಮಾತ್ರ ತಡೆಯದು. ಅಗ್ಗದ ಪ್ಲಾಸ್ಟಿಕ್ಕಿಗೆ ತನ್ನದೇ ವಾಸನೆ. ಶೀತಪೆಟ್ಟಿಗೆಯಲ್ಲಿಡುವವರೂ ಇದ್ದಾರೆ, ಹೊರತೆಗೆದು ತೆರೆದ ಕೂಡಲೇ ಮಳೆಗಾಲದ ಗಾಳಿ ತಣ್ಣನೆಯ ಪುಡಿಯ ಮೇಲೆ ಹನಿಯಾಗುವುದರಿಂದ ಅದು ನಮ್ಮ ಕರಾವಳಿಗೆ ಹೇಳಿದ ವಿಧಾನವಲ್ಲ. ಕಂಪೆನಿಯ ಪದರಗಟ್ಟಿದ ಪೊಟ್ಟಣವನ್ನು ಮಡಿಸಿ, ರಬ್ಬರ್ ಹಾಕಿ, ಹಾಗೆಯೇ ಸ್ಟೀಲಿನ ಡಬ್ಬಿಯೊಳಕ್ಕೆ ಇಳಿಸುವುದು ಇಂದಿನ ಉತ್ತಮ ಕ್ರಮ.

ಈ ನಡುವೆ ಅಟ್ಟವು ಮಾಯವಾಗುತ್ತಿದೆ. ಅಡಿಗೆಯ ಅನಿಲ ಬಂದ ಮನೆಯಲ್ಲಿ ಹೊಗೆಯಿಲ್ಲ, ಹೊಗೆಯಿಲ್ಲದೆ ಅಟ್ಟಕ್ಕೆ ಕೆಲಸವಿಲ್ಲ. ಹೆಂಗಸರ ಕಣ್ಣಿಗೂ ಉಸಿರಿಗೂ ಇದು ದೊಡ್ಡ ಉಪಕಾರವೆಂಬುದರಲ್ಲಿ ಎರಡು ಮಾತಿಲ್ಲ. ಸಿಮೆಂಟಿನ ಮಾಡಿನ ಹೊಸ ಮನೆಗಳಲ್ಲಿ ಮುಡಿಯನ್ನಿಡುವ ಜಾಗವಿಲ್ಲ, ಮುಡಿ ಕಟ್ಟಬಲ್ಲವರೂ ವಿರಳ. ಭರಣಿಗಳು ಅಂಗಳದಲ್ಲಿ ಹೂಗಿಡಗಳಿಗೆ ಕುಂಡಗಳಾಗಿವೆ. ಶಾಸನವು ಮಣ್ಣಿನಲ್ಲಿ ಹೂತರೂ ಮತ್ತೊಮ್ಮೆ ದೊರೆತೀತು. ಯಾವ ಪದಾರ್ಥವನ್ನು ಯಾವ ಜಾಗದಲ್ಲಿ, ಯಾವುದರಿಂದ ದೂರದಲ್ಲಿ ಇಡುತ್ತಿದ್ದರು ಎಂಬ ಅರಿವು ಅದನ್ನು ಬಲ್ಲ ಅಜ್ಜಿಯೊಡನೆಯೇ ಹೋಗುತ್ತದೆ. ಆದಕಾರಣ ಭಟ್ಕಳ, ಹೊನ್ನಾವರ, ಕುಮಟೆಗಳ ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಮಳೆಗಾಲದಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳ ಅಡಿಗೆಮನೆಯ ನಕ್ಷೆಯೊಂದನ್ನು ಬರೆದು ತರಲಿ. ಒಲೆ ಎಲ್ಲಿತ್ತು, ಅಟ್ಟ ಎಲ್ಲಿತ್ತು, ಉಪ್ಪಿನ ಮರಿಗೆಗೂ ಗೋಡೆಗೂ ಎಷ್ಟು ಅಂತರವಿತ್ತು, ಭರಣಿಗಳ ಬಾಯಿಗೆ ಏನನ್ನು ಕಟ್ಟುತ್ತಿದ್ದರು, ಚಹದ ಡಬ್ಬಿ ಮೊದಲು ಬಂದಾಗ ಅದನ್ನು ಎಲ್ಲಿಟ್ಟರು, ಅನಂತರ ಎಲ್ಲಿಗೆ ಸರಿಸಿದರು, ಏಕೆ ಸರಿಸಿದರು ಎಂಬುದನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಗುರುತುಹಾಕಿಕೊಳ್ಳಲಿ.